ತೇಲುವ ರಂಗಸ್ಥಳ: ವಿಹಾರ ನೌಕೆಯ ಭೋಜನ ಪ್ರದರ್ಶನಕ್ಕೆ ಹಣ ತೆರಬಹುದೆ?

ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಸಾರ್, ಭೌತಶಾಸ್ತ್ರಕ್ಕೆ ಸೇರದ ಒಂದು ಪ್ರಶ್ನೆ ಕೇಳಬಹುದೆ?" ಎಂದನು. ಅಮೆರಿಕದಲ್ಲಿ ನೆಲೆಸಿರುವ ಅವನ ಚಿಕ್ಕಪ್ಪನು ಊರಿನಿಂದ ಅಜ್ಜಿಯನ್ನು ಕರೆಸಿಕೊಂಡು, ಹೆಂಡತಿ ಮತ್ತು ಮಗಳೊಡನೆ ವಿಹಾರ ನೌಕೆಯೊಂದರಲ್ಲಿ ಏಳು ದಿನಗಳ ಪ್ರವಾಸಕ್ಕೆ ಹೊರಡುವವನಿದ್ದನಂತೆ. ಪ್ರಯಾಣದ ಶುಲ್ಕದಲ್ಲಿಯೇ ಊಟವೂ ದೊಡ್ಡ ರಂಗಮಂದಿರದ ಆಟಗಳೂ ಸೇರಿವೆ. ಆದರೆ ಅದೇ ಹಡಗಿನಲ್ಲಿ ಸರ್ಕಸ್ಸಿನ ಕಸರತ್ತುಗಳನ್ನು ನೋಡುತ್ತ ಊಟಮಾಡುವ ಇನ್ನೊಂದು ಮಂದಿರವಿದ್ದು, ಅದಕ್ಕೆ ತಲೆಗೆ ನಲವತ್ತು ಡಾಲರುಗಳನ್ನು ಬೇರೆಯಾಗಿ ತೆರಬೇಕು. ನಾಲ್ವರಿಗೆ ನೂರ ಅರವತ್ತು ಡಾಲರು. "ಅಷ್ಟು ಹಣಕ್ಕೆ ಅದು ಯೋಗ್ಯವೆ ಎಂದು ಚಿಕ್ಕಪ್ಪ ಕೇಳುತ್ತಾರೆ. ಅಜ್ಜಿಗೆ ಬಸ್ಸಿನಲ್ಲಿಯೇ ತಲೆ ತಿರುಗುತ್ತದೆ; ನೀವೇನು ಹೇಳುತ್ತೀರಿ?" ಎಂಬುದು ಅವನ ಪ್ರಶ್ನೆ.

ನೃತ್ಯದ ಸೊಗಸನ್ನಾಗಲಿ ಅಡಿಗೆಯ ರುಚಿಯನ್ನಾಗಲಿ ತೂಗಿ ಹೇಳುವ ಅಧಿಕಾರ ನಮಗಿಲ್ಲ. ಆದರೆ ಪ್ರಶ್ನೆಯು ಭೌತಶಾಸ್ತ್ರಕ್ಕೆ ಸೇರದು ಎಂಬ ಮಾತನ್ನು ಮಾತ್ರ ನಾವು ಒಪ್ಪಲಿಲ್ಲ. ನೋಟ, ಓಲಾಟ, ತೂಗು, ತಲೆಸುತ್ತು ಇವೆಲ್ಲವೂ ಅಳತೆಗೆ ಸಿಕ್ಕುವ ಸಂಗತಿಗಳು. ಅಳೆಯಬಹುದಾದುದನ್ನು ಮೊದಲು ಅಳೆದುಕೊಂಡರೆ, ಉಳಿದುದನ್ನು ಅವರವರ ಅಭಿರುಚಿಗೆ ಬಿಡಬಹುದು. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇವೆ.

ಬೆಲೆಯನ್ನು ಬಿಡಿಸಿ ನೋಡುವುದು

ಸಮುದ್ರದ ಮೇಲೆ ಇಂಥ ಭೋಜನ ಪ್ರದರ್ಶನಗಳು ಹೊಸವಲ್ಲ. 2010ರಲ್ಲಿ ಸಂಚಾರಕ್ಕಿಳಿದ 'ನಾರ್ವೇಜಿಯನ್ ಎಪಿಕ್' ಎಂಬ ನೌಕೆಯಲ್ಲಿ ಡೇರೆಯಂತೆ ಕಾಣುವ ಮಂದಿರವೊಂದನ್ನು ಕಟ್ಟಿ, ಊಟದೊಡನೆ ಸರ್ಕಸ್ಸಿನ ಆಟಗಳನ್ನು ಏರ್ಪಡಿಸಿದ್ದರು. 2017ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಸಿದ್ಧವಾದ 'ಎಂ.ಎಸ್.ಸಿ. ಮೆರವಿಲಿಯಾ' ನೌಕೆಯಲ್ಲಿ ಸಿರ್ಕ್ ದು ಸೊಲೇಯ್ ಎಂಬ ಪ್ರಸಿದ್ಧ ಸಂಸ್ಥೆಯ ಆಟಗಳಿಗಾಗಿಯೇ ಒಂದು ಮಂದಿರವನ್ನು ನಿರ್ಮಿಸಿದರು. ಆ ಏರ್ಪಾಡು ಈಗಿಲ್ಲ; 2020ರ ಸಾಂಕ್ರಾಮಿಕದಲ್ಲಿ ಹಡಗುಗಳು ನಿಂತವು, ಆ ಆಟಗಳೂ ನಿಂತವು. ಆದರೆ ಅದರ ಬೆಲೆಪಟ್ಟಿಯು ನಮ್ಮ ವಿಚಾರಕ್ಕೆ ಒಂದು ಒಳ್ಳೆಯ ಪಾಠವನ್ನು ಒದಗಿಸುತ್ತದೆ.

ಆರಂಭದಲ್ಲಿ ಅಲ್ಲಿ ಊಟ ಮತ್ತು ಆಟ ಎರಡಕ್ಕೂ ಕೂಡಿ 35 ಯೂರೊ ಇದ್ದಿತು. ಒಂದು ಪಾನೀಯದೊಡನೆ ಆಟ ಮಾತ್ರವಾದರೆ 15 ಯೂರೊ. ಪ್ರಯೋಗಶಾಲೆಯಲ್ಲಿ ನಾವು ದ್ರವವನ್ನು ಹೇಗೆ ತೂಗುತ್ತೇವೆ? ದ್ರವ ತುಂಬಿದ ಸೀಸೆಯನ್ನೊಮ್ಮೆ, ಬರಿಯ ಸೀಸೆಯನ್ನೊಮ್ಮೆ ತೂಗಿ ಕಳೆಯುತ್ತೇವೆ. ಇಲ್ಲಿಯೂ ಹಾಗೆಯೇ ಮಾಡೋಣ. 35ರಲ್ಲಿ 15ನ್ನು ಕಳೆದರೆ ಉಳಿಯುವುದು 20. ಹದಿನೈದರಲ್ಲಿ ಪಾನೀಯದ ಬೆಲೆಯೂ ಸೇರಿರುವುದರಿಂದ, ಆಟದ ಬೆಲೆ 15ಕ್ಕಿಂತ ಕಡಮೆ. ಊಟದ ಬೆಲೆ 20 ಅಥವಾ ಅದಕ್ಕೂ ಮಿಗಿಲು. ಎಂದರೆ, ಪ್ರಯಾಣಿಕನು ತೆರುತ್ತಿದ್ದ ಹಣದಲ್ಲಿ ಹೆಚ್ಚಿನ ಪಾಲು ಊಟಕ್ಕೆ ಸಲ್ಲುತ್ತಿತ್ತು. ಆದರೆ ಅವನ ಅಂದಿನ ಊಟಕ್ಕೆ ಪ್ರಯಾಣದ ಶುಲ್ಕದಲ್ಲಿ ಆಗಲೇ ಹಣ ಸಂದಿರುತ್ತದೆ! ಒಂದೇ ಹಸಿವಿಗೆ ಎರಡು ಸಲ ಬೆಲೆ ತೆತ್ತಂತಾಯಿತು. ಆದುದರಿಂದ ಮೊದಲನೆಯ ನಿಯಮ ಇದು: ಆಟವನ್ನು ಮಾತ್ರ ಕೊಳ್ಳಲು ಅವಕಾಶವಿದ್ದರೆ ಅದನ್ನೇ ಕೊಳ್ಳಬೇಕು, ಊಟ ನಿಜವಾಗಿಯೂ ಬೇರೆ ತರಹದ್ದಾಗಿದ್ದರೆ ಮಾತ್ರ ಅದಕ್ಕೆ ಹಣ ತೆರಬೇಕು.

ಹೀಗಿದ್ದರೂ ಹಡಗಿನವರು ಬೇರೆಯಾಗಿ ಹಣ ಕೇಳುವುದೇಕೆ? ಆ ಮಂದಿರದಲ್ಲಿದ್ದ ಆಸನಗಳು ಸುಮಾರು 400. ಹಡಗು ತುಂಬಿದಾಗ ಪ್ರಯಾಣಿಕರ ಸಂಖ್ಯೆ ಸುಮಾರು 5,700. ಆರು ಸಂಜೆ, ಸಂಜೆಗೆ ಎರಡು ಆಟಗಳೆಂದು ಭಾವಿಸಿದರೂ 4,800 ಜನರಿಗೆ ಮಾತ್ರ ಸ್ಥಳವುಂಟು. ಎಲ್ಲರಿಗೂ ಬಾಗಿಲು ತೆರೆದರೆ ನೂಕುನುಗ್ಗಲಾಗುತ್ತದೆ. ಬೆಲೆಯೆಂಬುದು ಇಲ್ಲಿ ಒಂದು ಜರಡಿಯ ಕೆಲಸವನ್ನೂ ಮಾಡುತ್ತದೆ. ಹಾಗಾದರೆ ಮಂದಿರವನ್ನು ಅಷ್ಟು ಚಿಕ್ಕದಾಗಿ ಕಟ್ಟುವುದೇಕೆ? ಈ ಪ್ರಶ್ನೆಗೆ ಉತ್ತರ ನಮ್ಮ ಕಣ್ಣಿನಲ್ಲಿದೆ.

ಸಮೀಪದ ಬೆಲೆ

1.7 ಮೀಟರು ಎತ್ತರದ ಆಟಗಾರನೊಬ್ಬನು ದೊಡ್ಡ ರಂಗಮಂದಿರದಲ್ಲಿ ನಮ್ಮಿಂದ 30 ಮೀಟರು ದೂರದಲ್ಲಿ ನಿಂತಿರಲಿ. ಕೈಯನ್ನು ಮುಂದಕ್ಕೆ ಚಾಚಿ, ಕಣ್ಣಿನಿಂದ 60 ಸೆಂಟಿಮೀಟರು ದೂರದಲ್ಲಿ ಒಂದು ಅಳತೆಪಟ್ಟಿಯನ್ನು ಹಿಡಿದರೆ, ಆ ಮನುಷ್ಯನು ಪಟ್ಟಿಯ ಮೇಲೆ ಎಷ್ಟು ಉದ್ದವನ್ನು ಆವರಿಸುತ್ತಾನೆ? ಸಮರೂಪ ತ್ರಿಕೋನಗಳ ಲೆಕ್ಕದಿಂದ ಉತ್ತರ 3.4 ಸೆಂಟಿಮೀಟರು, ಎರಡು ಬೆರಳಿನ ಅಗಲ. ಅದೇ ಆಟಗಾರನು ಭೋಜನ ಮಂದಿರದಲ್ಲಿ ನಮ್ಮ ಮೇಜಿನಿಂದ 6 ಮೀಟರು ದೂರದಲ್ಲಿದ್ದರೆ 17 ಸೆಂಟಿಮೀಟರನ್ನು ಆವರಿಸುತ್ತಾನೆ.

ಇನ್ನೂ ಒಂದು ಲೆಕ್ಕವುಂಟು. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. 30 ಮೀಟರು ದೂರದಲ್ಲಿ ಇದು ಸುಮಾರು 9 ಮಿಲಿಮೀಟರಿಗೆ ಸಮ. 6 ಮೀಟರು ದೂರದಲ್ಲಿ 2 ಮಿಲಿಮೀಟರಿಗಿಂತಲೂ ಕಡಮೆ. ಹುಬ್ಬಿನ ಚಲನೆ, ತುಟಿಯ ಅಂಚಿನ ನಗೆ, ತೋಳಿನ ನರಗಳ ಬಿಗಿತ ಇವು ಮಿಲಿಮೀಟರುಗಳ ಸಂಗತಿಗಳು. ದೂರದಿಂದ ಇವು ಕಾಣುವುದೇ ಇಲ್ಲ. ಹಡಗಿನವರು ನಿಜವಾಗಿ ಮಾರುವ ಸರಕು ಈ ಸಾಮೀಪ್ಯವೇ. ಗುಂಪು ನೃತ್ಯವನ್ನಾಗಲಿ ಹಾಡನ್ನಾಗಲಿ ದೂರದಿಂದ ನೋಡಿ ಕೇಳಿ ಆನಂದಿಸಬಹುದು. ಆದರೆ ಕೈಚಳಕದ ಆಟ, ಚೆಂಡುಗಳ ಆಟ, ಹಗ್ಗದ ಮೇಲಿನ ಕಸರತ್ತು ಇವುಗಳಿಗೆ ಸಾಮೀಪ್ಯವೇ ಪ್ರಾಣ. ಆದುದರಿಂದ ಎರಡನೆಯ ನಿಯಮ: ಹತ್ತಿರದಿಂದ ನೋಡಿದರೇ ಅರ್ಥವಾಗುವ ಆಟಕ್ಕೆ ಹಣ ತೆರುವುದು ನ್ಯಾಯ, ದೂರದಿಂದಲೂ ಅಷ್ಟೇ ಚೆನ್ನಾಗಿರುವ ಆಟಕ್ಕೆ ಹಣ ತೆರಬೇಕಾದ ಕಾರಣವಿಲ್ಲ.

ಗೆಲಿಲಿಯೋ ಕಂಡ ಕೋಣೆ

ಓಡುವ ಹಡಗಿನಲ್ಲಿ ಚೆಂಡಿನಾಟವಾಡುವುದು ಹೇಗೆ ಸಾಧ್ಯ ಎಂದು ಕೆಲವರು ಆಶ್ಚರ್ಯಪಡುವುದುಂಟು. ಹಡಗು ಗಂಟೆಗೆ 20 ನಾಟಿಕಲ್ ಮೈಲಿಗಳ ವೇಗದಲ್ಲಿ, ಎಂದರೆ ಸೆಕೆಂಡಿಗೆ 10.3 ಮೀಟರು ಓಡುತ್ತಿರಲಿ. ಆಟಗಾರನು ಚೆಂಡನ್ನು 1.8 ಮೀಟರು ಎತ್ತರಕ್ಕೆ ಎಸೆದರೆ ಅದು ಸುಮಾರು 1.2 ಸೆಕೆಂಡು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಹಡಗು 12 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆದರೂ ಚೆಂಡು ಹಿಂದೆ ಕುಳಿತವರ ತಟ್ಟೆಗೆ ಬೀಳದೆ ಆಟಗಾರನ ಕೈಗೇ ಬೀಳುತ್ತದೆ.

ಇದರ ಕಾರಣವನ್ನು ಗೆಲಿಲಿಯೋ 1632ರಲ್ಲಿ ಪ್ರಕಟಿಸಿದ ತನ್ನ ಸಂವಾದ ಗ್ರಂಥದಲ್ಲಿ ವಿವರಿಸಿದ್ದಾನೆ. ಹಡಗಿನ ಒಳಗೋಣೆಯೊಂದರಲ್ಲಿ ಚಿಟ್ಟೆಗಳನ್ನೂ, ನೀರಿನಲ್ಲಿ ಮೀನುಗಳನ್ನೂ, ತೊಟ್ಟಿಕ್ಕುವ ಸೀಸೆಯೊಂದನ್ನೂ ಇಟ್ಟು ನೋಡಿರಿ. ಹಡಗು ಸಮವೇಗದಲ್ಲಿ ಓಲಾಡದೆ ಹೋಗುತ್ತಿರುವವರೆಗೆ, ಅದು ನಿಂತಿದೆಯೋ ಓಡುತ್ತಿದೆಯೋ ಎಂಬುದನ್ನು ಈ ಯಾವುದರಿಂದಲೂ ತಿಳಿಯಲಾಗದು ಎಂಬುದು ಅವನ ವಾದ. ಚೆಂಡು ಕೈಬಿಡುವಾಗಲೇ ಹಡಗಿನ ವೇಗವನ್ನು ಪಡೆದಿರುತ್ತದೆ. ವೇಗವು ಆಟಕ್ಕೆ ಶತ್ರುವಲ್ಲ. ಶತ್ರುವಾಗುವುದು ವೇಗದ ಬದಲಾವಣೆ, ಎಂದರೆ ವೇಗೋತ್ಕರ್ಷ. 'ಓಲಾಡದೆ' ಎಂಬ ಒಂದು ಮಾತಿನಲ್ಲಿ ನಮ್ಮ ವಿಷಯದ ಇಡೀ ಕಷ್ಟ ಅಡಗಿದೆ.

ಓಲಾಟದ ಲೆಕ್ಕ

ಪಕ್ಕಕ್ಕೆ ಬಾಗಿದ ಹಡಗನ್ನು ನೀರಿನ ಒತ್ತಡವು ಮತ್ತೆ ನೆಟ್ಟಗೆ ಮಾಡಲು ಯತ್ನಿಸುತ್ತದೆ; ಜಡತ್ವದಿಂದ ಅದು ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಹೀಗೆ ಹಡಗು ಒಂದು ಮಹಾ ಲೋಲಕದಂತೆ ತೂಗುತ್ತದೆ. ಈ ಚಲನೆಯನ್ನು ಕ್ರಮವಾಗಿ ಗಣಿತಕ್ಕೆ ಅಳವಡಿಸಿದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್; ಅವನ ಪ್ರಬಂಧ ಹೊರಬಂದುದು 1861ರಲ್ಲಿ. ಹಡಗಿನ ಗುರುತ್ವಕೇಂದ್ರಕ್ಕಿಂತ ಮೇಲೆ 'ಮೆಟಾಸೆಂಟರ್' ಎಂಬ ಬಿಂದುವೊಂದಿರುತ್ತದೆ. ಹಡಗು ಸ್ವಲ್ಪ ಬಾಗಿದಾಗ ನೀರಿನ ತೇಲಿಸುವ ಬಲದ ರೇಖೆಯು ಹಡಗಿನ ನಡುರೇಖೆಯನ್ನು ಸಂಧಿಸುವ ಸ್ಥಳ ಅದು. ಈ ಎರಡು ಬಿಂದುಗಳ ನಡುವಣ ಅಂತರ ಹೆಚ್ಚಾದಷ್ಟೂ ಹಡಗು ಬಿಗಿಯಾಗಿ, ಬೇಗಬೇಗ ತೂಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಹಡಗಿನ ಅಗಲವನ್ನು ಮೀಟರುಗಳಲ್ಲಿ ಬರೆದು 0.8ರಿಂದ ಗುಣಿಸಿ, ಮೇಲೆ ಹೇಳಿದ ಅಂತರದ ವರ್ಗಮೂಲದಿಂದ ಭಾಗಿಸಿದರೆ, ಒಂದು ಪೂರ್ಣ ಓಲಾಟದ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ.

ಮೆರವಿಲಿಯಾದಂತೆ 43 ಮೀಟರು ಅಗಲವಿರುವ ನೌಕೆಯೊಂದರಲ್ಲಿ ಆ ಅಂತರ 3 ಮೀಟರೆಂದು ಭಾವಿಸೋಣ. ಆಗ ಓಲಾಟದ ಕಾಲ ಸುಮಾರು 20 ಸೆಕೆಂಡು. ನೌಕೆಯು ಪಕ್ಕಕ್ಕೆ 2 ಡಿಗ್ರಿ ಮಾತ್ರ ಬಾಗುತ್ತಿರಲಿ. ರಂಗಸ್ಥಳವು ಓಲಾಟದ ಅಕ್ಷದಿಂದ 20 ಮೀಟರು ಮೇಲಿರಲಿ. ಓಲಾಟದ ತುದಿಯಲ್ಲಿ ರಂಗಸ್ಥಳದ ಮೇಲಿರುವ ವಸ್ತುವು ಎರಡು ಕಾರಣಗಳಿಂದ ಪಕ್ಕಕ್ಕೆ ಸೆಳೆಯಲ್ಪಡುತ್ತದೆ. ಒಂದು, ನೆಲವೇ ಇಳಿಜಾರಾಗಿರುವುದು. ಇದರಿಂದ ಸೆಕೆಂಡಿನ ವರ್ಗಕ್ಕೆ 0.34 ಮೀಟರು. ಇನ್ನೊಂದು, ನೆಲವು ತನ್ನ ಚಲನೆಯ ದಿಕ್ಕನ್ನು ಬದಲಾಯಿಸುತ್ತಿರುವುದು; ಇದರಿಂದ 0.07 ಮೀಟರು. ಎರಡೂ ಒಂದೇ ದಿಕ್ಕಿನಲ್ಲಿರುವುದರಿಂದ ಕೂಡಿ 0.41 ಮೀಟರು. ಹಡಗಿನೊಳಗೆ ಕುಳಿತವನಿಗೆ, ಗುರುತ್ವಾಕರ್ಷಣೆಯೇ ಸುಮಾರು 2.4 ಡಿಗ್ರಿ ಓರೆಯಾದಂತೆ ತೋರುತ್ತದೆ.

ಈ ಅಲ್ಪ ಸಂಖ್ಯೆಯಿಂದ ಏನಾಗುತ್ತದೆ ನೋಡೋಣ. ಊಟದ ಮೇಜಿನ ಮೇಲೆ 24 ಸೆಂಟಿಮೀಟರು ಅಗಲದ ಬಟ್ಟಲಿನಲ್ಲಿ ಸಾರು ಇದ್ದರೆ, ಅದು ಒಂದು ಅಂಚಿನಲ್ಲಿ ಅರ್ಧ ಸೆಂಟಿಮೀಟರು ಮಾತ್ರ ಏರುತ್ತದೆ. ಬಟ್ಟಲನ್ನು ತುಂಬಿ ತುಳುಕಿಸದಿದ್ದರೆ ಭಯವಿಲ್ಲ. ಬಟ್ಟಲಿನ ಸಾರಿಗೆ ತನ್ನದೇ ಆದ ತುಳುಕಾಟದ ಕಾಲವೊಂದಿದ್ದು, ಅದು ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ; ಇದು ಹಡಗಿನ 20 ಸೆಕೆಂಡಿಗಿಂತ ಬಡಿಸುವವನ ಹೆಜ್ಜೆಗೆ ಹತ್ತಿರ. ಆದುದರಿಂದ ಸಾರು ಚೆಲ್ಲಿದರೆ ಅಪರಾಧಿ ಸಮುದ್ರವಲ್ಲ, ಅವಸರದ ಹೆಜ್ಜೆ!

ಆಟಗಾರನ ಪಾಡು ಹಾಗಲ್ಲ. 1.2 ಸೆಕೆಂಡು ಗಾಳಿಯಲ್ಲಿರುವ ಚೆಂಡು ಓಲಾಟದ ತುದಿಯಲ್ಲಿ ಪಕ್ಕಕ್ಕೆ ಸುಮಾರು 30 ಸೆಂಟಿಮೀಟರು ಸರಿಯುತ್ತದೆ. ಒಂದು ಗೇಣಿಗೂ ಮಿಗಿಲು! 6 ಮೀಟರು ಉದ್ದದ ಹಗ್ಗದ ತುದಿಯಲ್ಲಿ ನೇತಾಡುವ ಹುಡುಗಿಯು ತಾನು ಇಳಿಯಬೇಕಾದ ಗುರುತಿನಿಂದ ಸುಮಾರು 27 ಸೆಂಟಿಮೀಟರು ಆಚೆಗೆ, ಹತ್ತು ಸೆಕೆಂಡಿನ ಅನಂತರ ಅಷ್ಟೇ ಈಚೆಗೆ ಇರುತ್ತಾಳೆ. ಮೇಜಿನಲ್ಲಿ ಕುಳಿತವನಿಗೆ ಓಲಾಟದ ಅರಿವೇ ಆಗದಿರುವಾಗಲೂ, ಒಬ್ಬಳ ಕೈಯನ್ನು ಇನ್ನೊಬ್ಬನು ಗಾಳಿಯಲ್ಲಿ ಹಿಡಿಯಬೇಕಾದ ಆಟದಲ್ಲಿ ಒಂದು ಗೇಣಿನ ವ್ಯತ್ಯಾಸವೆಂದರೆ ಮೂಳೆಯ ಪ್ರಶ್ನೆ. ನೆಲದ ಮೇಲೆ ಕಲಿತ ಆಟವನ್ನು ನೌಕೆಯ ಮೇಲೆ ಮತ್ತೆ ಕಲಿಯಬೇಕಾಗುತ್ತದೆ. ಸಮುದ್ರ ಕೆರಳಿದ ದಿನ ಅಪಾಯದ ಕಸರತ್ತುಗಳನ್ನು ಬಿಟ್ಟುಬಿಡುವುದೋ, ಆಟವನ್ನೇ ನಿಲ್ಲಿಸುವುದೋ ಈ ಕಾರಣದಿಂದಲೇ. ಅದನ್ನು ಮೋಸವೆಂದು ಗೊಣಗುವುದು ಸಲ್ಲದು.

ನೀರೊಳಗಿನ ರೆಕ್ಕೆಗಳು

ಓಲಾಟವನ್ನು ಅಡಗಿಸಲು ಎಂಜಿನಿಯರುಗಳು ಬಹುಕಾಲದಿಂದ ಯತ್ನಿಸಿದ್ದಾರೆ. 1932ರಲ್ಲಿ ಯಾತ್ರೆ ಆರಂಭಿಸಿದ ಇಟಲಿಯ 'ಕಾಂಟೆ ದಿ ಸವೋಯಾ' ನೌಕೆಯಲ್ಲಿ ಒಂದೊಂದೂ ಸುಮಾರು ನೂರು ಟನ್ನು ತೂಕದ ಮೂರು ಜೈರೋಸ್ಕೋಪು ಚಕ್ರಗಳನ್ನು ಇಟ್ಟಿದ್ದರು. ಇದಕ್ಕಿಂತ ಸರಳವಾದ ಉಪಾಯ ಹಡಗಿನ ಎರಡು ಪಕ್ಕಗಳಲ್ಲಿ ನೀರೊಳಗೆ ಚಾಚುವ ರೆಕ್ಕೆಗಳದು. ಜಪಾನಿನ ಮೊಟೊರಾ ಶಿಂತಾರೊ 1920ರ ದಶಕದಲ್ಲಿ ಇದನ್ನು ರೂಪಿಸಿದನು. 1936ರಲ್ಲಿ ಬ್ರಿಟನ್ನಿನ 'ಐಲ್ ಆಫ್ ಸಾರ್ಕ್' ನೌಕೆಗೆ ಡೆನಿ-ಬ್ರೌನ್ ರೆಕ್ಕೆಗಳನ್ನು ಜೋಡಿಸಿದರು. ಇಂದಿನ ವಿಹಾರ ನೌಕೆಗಳಲ್ಲಿ ಈ ರೆಕ್ಕೆಗಳು ಸಾಮಾನ್ಯ. ಹಡಗು ಎಡಕ್ಕೆ ವಾಲತೊಡಗಿದರೆ ಎಡಗಡೆಯ ರೆಕ್ಕೆ ಮೇಲಕ್ಕೂ ಬಲಗಡೆಯದು ಕೆಳಕ್ಕೂ ತಳ್ಳುವಂತೆ ಅವುಗಳ ಓರೆಯನ್ನು ಯಂತ್ರವೇ ತಿದ್ದುತ್ತಿರುತ್ತದೆ.

ಈ ರೆಕ್ಕೆಯ ಬಲವು ವಿಮಾನದ ರೆಕ್ಕೆಯ ಬಲದಂತೆಯೇ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 15 ಚದರ ಮೀಟರಿನ ರೆಕ್ಕೆಯೊಂದು ಗಂಟೆಗೆ 20 ನಾಟಿಕಲ್ ಮೈಲಿಗಳ ವೇಗದಲ್ಲಿ ಸುಮಾರು 80 ಟನ್ನು ತೂಕಕ್ಕೆ ಸಮನಾದ ಬಲವನ್ನು ಕೊಡಬಲ್ಲುದಾದರೆ, ಅರ್ಧ ವೇಗದಲ್ಲಿ ಕೊಡುವುದು ಕಾಲು ಭಾಗ, ಎಂದರೆ 20 ಟನ್ನು ಮಾತ್ರ. ಹಡಗು ನಿಂತರೆ ಏನೂ ಇಲ್ಲ. ಎಂದರೆ, ತೆರೆದ ಸಮುದ್ರದಲ್ಲಿ ನಿಧಾನವಾಗಿ ಹೋಗುವ ರಾತ್ರಿ ರೆಕ್ಕೆಗಳ ನೆರವು ಕಡಮೆ. ಆದರೆ ಬಂದರಿನೊಳಗೆ ಅಲೆಯೇ ಇಲ್ಲದ ಕಾರಣ ರೆಕ್ಕೆಗಳ ಅಗತ್ಯವೇ ಇಲ್ಲ. ಮೂರನೆಯ ನಿಯಮ ಇದರಿಂದ ಹುಟ್ಟುತ್ತದೆ: ಸಂಜೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ, ಹಡಗು ಬಂದರಿನಲ್ಲಿ ತಂಗುವ ಅಥವಾ ದ್ವೀಪಗಳ ಮರೆಯಲ್ಲಿ ಸಾಗುವ ಸಂಜೆಯನ್ನು ಆರಿಸಬೇಕು. ಅಂದು ಆಟಗಾರರು ತಮ್ಮ ಆಟವನ್ನು ಪೂರ್ಣವಾಗಿ ತೋರಿಸಬಲ್ಲರು.

ಅಜ್ಜಿಯ ತಲೆಸುತ್ತು

ಪಕ್ಕದ ಓಲಾಟಕ್ಕಿಂತ ಹೊಟ್ಟೆಯನ್ನು ಕೆಡಿಸುವುದು ಮೇಲೆಕೆಳಗಿನ ಚಲನೆ. ಓಹ್ಯಾನ್ಲನ್ ಮತ್ತು ಮೆಕಾಲಿ ಎಂಬುವರು 1974ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದಾರು ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆಯೇ ಅತ್ಯಂತ ಹೆಚ್ಚಾಗಿ ವಾಕರಿಕೆಯನ್ನು ತರುತ್ತದೆ ಎಂದು ಕಂಡುಬಂದಿತು. 315 ಮೀಟರು ಉದ್ದದ ಹಡಗು ಮುಂದಕ್ಕೂ ಹಿಂದಕ್ಕೂ 1 ಡಿಗ್ರಿಯಷ್ಟು ತೂಗಿದರೆ, ನಡುವಿನಿಂದ 150 ಮೀಟರು ದೂರದ ತುದಿಯು 2.6 ಮೀಟರು ಮೇಲಕ್ಕೂ ಅಷ್ಟೇ ಕೆಳಕ್ಕೂ ಹೋಗುತ್ತದೆ. ನಡುವಿನಲ್ಲಿರುವವನಿಗೆ ಈ ಕಾರಣದ ಏರಿಳಿತವಿಲ್ಲ. ನೌಕೆಗಳ ರಂಗಮಂದಿರಗಳನ್ನಾದರೋ ಹಲವು ವೇಳೆ ತುದಿಗಳ ಕಡೆಯಲ್ಲಿಯೇ ಕಟ್ಟಿರುತ್ತಾರೆ.

ಇದರ ಮೇಲೆ ಇನ್ನೊಂದು ತೊಡಕು. ಪ್ರದರ್ಶನದ ಮಂದಿರಕ್ಕೆ ಕತ್ತಲೆ ಬೇಕು. ಆದುದರಿಂದ ಅಲ್ಲಿ ಕಿಟಕಿಗಳಿಂದ ಪ್ರಯೋಜನವಿಲ್ಲ. ನಮ್ಮ ಒಳಗಿವಿಯ ನಾಳಗಳು 'ನಾವು ಚಲಿಸುತ್ತಿದ್ದೇವೆ' ಎಂದು ಮೆದುಳಿಗೆ ವರದಿ ಮಾಡುತ್ತಿರುವಾಗ, ಹಡಗಿನೊಡನೆಯೇ ಚಲಿಸುವ ಗೋಡೆಗಳನ್ನು ನೋಡುವ ಕಣ್ಣು 'ಎಲ್ಲವೂ ನಿಂತಿದೆ' ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಈ ವಿರೋಧವೇ ತಲೆಸುತ್ತಿನ ಮೂಲವೆಂದು ವಿಜ್ಞಾನಿಗಳ ಅಭಿಪ್ರಾಯ. ದಿಗಂತವನ್ನು ನೋಡುತ್ತ ಕಿಟಕಿಯ ಬಳಿ ಸಾಮಾನ್ಯ ಊಟ ಮಾಡುವವನಿಗೆ ಈ ಕಷ್ಟ ಕಡಮೆ. ಆದುದರಿಂದ ತಲೆಸುತ್ತಿನ ಸ್ವಭಾವದವರಿಗೆ, ಅಲೆಯಿರುವ ರಾತ್ರಿ, ತುದಿಯಲ್ಲಿರುವ ಮುಚ್ಚಿದ ಮಂದಿರದಲ್ಲಿ, ಅದೂ ಊಟದ ವೇಳೆಯಲ್ಲಿ ಹಣಕೊಟ್ಟು ಕೂರುವುದು ಎಂದಿಗೂ ಲಾಭವಲ್ಲ.

ಹಡಗಿನ ಸ್ವಭಾವಕ್ಕೆ ಒಗ್ಗಿದ ಆಟವೂ ಒಂದುಂಟು. ಬೆಲ್ಜಿಯಂ ದೇಶದ ಸ್ಕಲ್‌ಮ್ಯಾಪಿಂಗ್ ಎಂಬ ಕಲಾವಿದರ ತಂಡವು 'ಲೆ ಪೆಟಿಟ್ ಶೆಫ್' ಎಂಬ ಪ್ರದರ್ಶನವನ್ನು ರೂಪಿಸಿದೆ. ಸೆಲೆಬ್ರಿಟಿ ಸಂಸ್ಥೆಯ ನೌಕೆಗಳಲ್ಲಿ ಇದನ್ನು ಏರ್ಪಡಿಸಿದ್ದಾರೆ. ಚಾವಣಿಯಿಂದ ಬೀಳುವ ಬೆಳಕಿನ ಚಿತ್ರದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಅಡಿಗೆಯವನೊಬ್ಬನು ನಮ್ಮ ತಟ್ಟೆಯ ಮೇಲೆಯೇ ಅಡಿಗೆ ಮಾಡುವಂತೆ ಕಾಣುತ್ತಾನೆ. ಅನಂತರ ಅದೇ ಊಟ ಬರುತ್ತದೆ. ಚಿತ್ರ ಬೀರುವ ಯಂತ್ರವೂ ಮೇಜೂ ಒಂದೇ ಹಡಗಿಗೆ ಬಿಗಿದಿರುವುದರಿಂದ, ಹಡಗು ಎಷ್ಟು ಓಲಾಡಿದರೂ ಒಂದಕ್ಕೊಂದು ಹೋಲಿಸಿದಂತೆ ಅವು ನಿಶ್ಚಲ. ಬೆಳಕಿಗೆ ಗಾಳಿಯಲ್ಲಿ ಪಕ್ಕಕ್ಕೆ ಸರಿಯುವಷ್ಟು ಸಮಯವೂ ಇಲ್ಲ. ಇಲ್ಲಿ ಊಟವೇ ಆಟವಾದುದರಿಂದ ನಮ್ಮ ಮೊದಲನೆಯ ನಿಯಮದ ಆಕ್ಷೇಪಣೆಯೂ ಸಡಿಲವಾಗುತ್ತದೆ. ಆದರೆ ಈ ಚಿತ್ರಕ್ಕೆ ಸಮುದ್ರ ಬೇಕೇಬೇಕೆಂದಿಲ್ಲ. ನೆಲದ ಮೇಲಿನ ಹೋಟೆಲುಗಳಲ್ಲಿಯೂ ಇದನ್ನು ನೋಡಬಹುದು.

ತೀರ್ಮಾನ

ಇಷ್ಟನ್ನೂ ಕೇಳಿ ನಮ್ಮ ವಿದ್ಯಾರ್ಥಿಯು ಹಡಗಿನ ನಕ್ಷೆಯನ್ನೂ ದಿನಚರಿಯನ್ನೂ ತರಿಸಿಕೊಂಡನು. ಮಂದಿರವು ಹಿಂತುದಿಯಲ್ಲಿತ್ತು. ಏಳು ರಾತ್ರಿಗಳಲ್ಲಿ ಒಂದು ರಾತ್ರಿ ಹಡಗು ಬಂದರಿನಲ್ಲಿ ತಂಗುವುದಿತ್ತು. ಆಟವು ಚೆಂಡುಗಳದು, ಹಗ್ಗದ್ದು, ಹತ್ತಿರದಿಂದ ನೋಡಬೇಕಾದುದು. ಆಟವನ್ನು ಮಾತ್ರ ಕೊಳ್ಳುವ ಅವಕಾಶವಿರಲಿಲ್ಲ. 'ಆ ಒಂದು ರಾತ್ರಿ ಸ್ಥಳ ಸಿಕ್ಕಿದರೆ ತೆಗೆದುಕೊಳ್ಳಿ, ಇಲ್ಲವಾದರೆ ಬೇಡ' ಎಂದು ಅವನು ಚಿಕ್ಕಪ್ಪನಿಗೆ ಬರೆದನು. ಸ್ಥಳ ಸಿಕ್ಕಿತು. ಪ್ರವಾಸದಿಂದ ಹಿಂದಿರುಗಿದ ಅಜ್ಜಿಯ ವರದಿಯನ್ನೂ ಅವನೇ ತಂದನು: "ಆಟ ಬಹಳ ಚೆನ್ನಾಗಿತ್ತು, ಆ ಹುಡುಗಿಯ ಮುಖದ ಬೆವರೂ ಕಾಣುತ್ತಿತ್ತು. ಊಟಕ್ಕೆ ಮಾತ್ರ ಉಪ್ಪಿರಲಿಲ್ಲ."

ನಮ್ಮ ಲೆಕ್ಕ ಹೇಳಿದುದೂ ಹೆಚ್ಚುಕಡಮೆ ಇದನ್ನೇ. ಒಂದು ವಸ್ತು ಯೋಗ್ಯವೆ ಎಂದು ಯಾರಾದರೂ ಕೇಳಿದಾಗ, ಹೌದು ಅಥವಾ ಇಲ್ಲ ಎಂದು ಒಡನೆಯೇ ಹೇಳುವುದು ಸುಲಭ. ಯಾವ ದಿನ, ಯಾವ ಸ್ಥಳದಲ್ಲಿ, ಯಾರಿಗೆ, ಏನನ್ನು ಬಿಟ್ಟುಕೊಟ್ಟು ಎಂದು ಬಿಡಿಸಿ ಕೇಳುವುದು ವಿಜ್ಞಾನದ ಕ್ರಮ.

ವಾಚಕರಿಗೆ ಎರಡು ಅಭ್ಯಾಸಗಳನ್ನು ಬಿಡುತ್ತೇವೆ. ಮೇಲಿನ ನೌಕೆಯಲ್ಲಿ ಗುರುತ್ವಕೇಂದ್ರಕ್ಕೂ ಮೆಟಾಸೆಂಟರಿಗೂ ಇರುವ ಅಂತರ 3ರ ಬದಲು 6 ಮೀಟರಾಗಿದ್ದರೆ ಓಲಾಟದ ಕಾಲವೆಷ್ಟು, ಚೆಂಡು ಪಕ್ಕಕ್ಕೆ ಸರಿಯುವುದೆಷ್ಟು? ಎರಡನೆಯದಾಗಿ, ಬಟ್ಟಲೊಂದರಲ್ಲಿ ನೀರು ತುಂಬಿ, ಅದರ ತುಳುಕಾಟದ ಕಾಲವನ್ನು ಗಡಿಯಾರದಿಂದ ಅಳೆದು, ನಿಮ್ಮ ಹೆಜ್ಜೆಯ ಕಾಲದೊಡನೆ ಹೋಲಿಸಿ ನೋಡಿರಿ. ನೀರು ಚೆಲ್ಲದಂತೆ ನಡೆಯಲು ಹೆಜ್ಜೆಯನ್ನು ಹೇಗೆ ಬದಲಾಯಿಸಬೇಕೆಂಬುದು ಆಗ ತಾನಾಗಿಯೇ ತಿಳಿಯುವುದು.